ಜಾಹೀರಾತಿಲ್ಲದ ಗಂಟೆಯ ಬಾಕಿ ಲೆಕ್ಕ: ಉಪ್ಪಳದ ಒಂದು ಸೀರೆ ಅಂಗಡಿಯ ಪ್ರಕರಣ

ಉಪ್ಪಳ ಪೇಟೆಯ ಒಂದು ಜವಳಿ ಅಂಗಡಿ ಕಳೆದ ಆಟಿಯಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ಮಂಗಳೂರಿನ ಖಾಸಗಿ ಎಫ್‌ಎಂ ನಿಲಯವೊಂದರಲ್ಲಿ 15 ದಿನ ಜಾಹೀರಾತು ಹಾಕಿತು. ದಿನಕ್ಕೆ 6 ಸ್ಪಾಟ್, ಅಂದರೆ 6 ಬಾರಿ; ಪ್ರತಿ ಬಾರಿ 20 ಸೆಕೆಂಡು. ಎಂಟನೆಯ ದಿನ ನಿಲಯದವರು ಬೆಳಿಗ್ಗೆ 9ರಿಂದ 10ರ ತನಕ ‘ಜಾಹೀರಾತಿಲ್ಲದ ಗಂಟೆ’ ಶುರುಮಾಡಿದರು. ಮತ್ತೆ ಮೂರು ದಿನಕ್ಕೆ ಎದುರಾಳಿ ನಿಲಯವೂ ತನ್ನದೊಂದು ಗಂಟೆಯನ್ನು ಘೋಷಿಸಿತು. ‘ರೇಡಿಯೊದಲ್ಲಿ ಕೇಳಿ ಬಂದೆ’ ಎನ್ನುತ್ತಾ ಅಂಗಡಿಯ ಮೆಟ್ಟಿಲು ಹತ್ತಿದವರು ಮೊದಲ ವಾರ 11 ಮಂದಿ; ಎರಡನೆಯ ವಾರ 4. ಹಣ ಅಷ್ಟೇ, ಸ್ಪಾಟ್ ಅಷ್ಟೇ, ಧ್ವನಿಯೂ ಅದೇ. ಹಾಗಿದ್ದರೆ ಉಳಿದ ಏಳು ಮಂದಿ ಎಲ್ಲಿ ಹೋದರು?

ಈ ಪ್ರಶ್ನೆ ನನ್ನ ತಲೆಗೆ ಬಿದ್ದದ್ದು ಜಾಹೀರಾತಿನ ಸಾಲುಗಳನ್ನು ಬರೆದವನು ನಾನಾದ್ದರಿಂದ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಅಂಗಡಿಯ ಯಜಮಾನ ನನ್ನ ಹಳೆಯ ವಿದ್ಯಾರ್ಥಿ. ಕರಪತ್ರ, ಫಲಕ, ಮದುವೆ ಕಾಗದ ಎಲ್ಲದಕ್ಕೂ ‘ಮಾಸ್ಟ್ರೇ, ಎರಡು ಸಾಲು’ ಎಂದು ಬರುತ್ತಾನೆ. ಈ ಸಲದ ಎರಡು ಸಾಲಿಗೆ ಒಂದು ಬಾಲ ಕಟ್ಟಿದ್ದು ಮಾತ್ರ ನನ್ನದೇ ಬುದ್ಧಿ: ‘ರೇಡಿಯೊದಲ್ಲಿ ಕೇಳಿದೆ ಎಂದು ಹೇಳಿ, ಸೀರೆಗೆ ಫಾಲ್, ಪಿಕೋ ಉಚಿತ.’ ಹೇಳಿದವರ ಲೆಕ್ಕವನ್ನು ಗಲ್ಲಾಪೆಟ್ಟಿಗೆಯ ಪಕ್ಕದ ಪುಸ್ತಕದಲ್ಲಿ ಬರೆದಿಡಬೇಕು ಎಂದು ತಾಕೀತು ಮಾಡಿದ್ದೆ. ಆ ಪುಸ್ತಕ ಇಲ್ಲದಿದ್ದರೆ ಈ ಪ್ರಕರಣವೂ ಇರುತ್ತಿರಲಿಲ್ಲ; ‘ಆಟಿಯಲ್ಲಿ ವ್ಯಾಪಾರ ಹೇಗೂ ಇಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಿದ್ದೆವು.

ಹೊರಗಿನ ಓದುಗರಿಗೆ ಊರಿನ ಬಗ್ಗೆ ಒಂದು ಮಾತು. ಉಪ್ಪಳ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. 1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಮಂಗಳೂರಿಗೂ ನಮಗೂ ನಡುವಿನ ಗಡಿ ತಲಪಾಡಿಯಲ್ಲಿ ಬಿತ್ತು. ಎಫ್‌ಎಂ ಅಲೆಗಳಿಗೆ ಆ ಚೆಕ್‌ಪೋಸ್ಟ್ ಗೊತ್ತಿಲ್ಲ. ಅವು ನೇರ ನೋಟಕ್ಕೆ ಸಿಕ್ಕಷ್ಟು ದೂರ ಬರುತ್ತವೆ, ಗುಡ್ಡ ಅಡ್ಡ ಬಂದಲ್ಲಿ ನಿಲ್ಲುತ್ತವೆ. ಹೀಗಾಗಿ ಉಪ್ಪಳ ಪೇಟೆಯಲ್ಲಿ, ಒಳನಾಡಿನ ಗುಡ್ಡದ ಮನೆಗಳಲ್ಲಿ ಮಂಗಳೂರು ಚೆನ್ನಾಗಿ ಸಿಗುತ್ತದೆ. ತಗ್ಗಿನ ತೋಟದ ಮನೆಗಳಲ್ಲಿ ಕರಕರ. ತೆಂಕಕ್ಕೆ ಹೋದಷ್ಟೂ ಮಂಗಳೂರು ತೆಳುವಾಗುತ್ತದೆ, ಕಣ್ಣೂರು ದಪ್ಪವಾಗುತ್ತದೆ. ನಮ್ಮ ಜಾಹೀರಾತಿನಲ್ಲಿ ಓಣಂ ಕೂಡ ಇತ್ತು, ಚೌತಿ ಕೂಡ ಇತ್ತು. ಧ್ವನಿ ಮುದ್ರಿಸಿದ ಮಂಗಳೂರಿನ ಹುಡುಗಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ನಕ್ಕಳಂತೆ. ಇಲ್ಲಿ ಅದು ನಗುವ ವಿಷಯವಲ್ಲ, ಗಿರಾಕಿಗಳ ಪಟ್ಟಿ.

ಮೊದಲು ಅನುಮಾನ ಪಟ್ಟದ್ದು ನಿಲಯದವರನ್ನೇ. ಹಣ ತೆಗೆದುಕೊಂಡು ಸ್ಪಾಟ್ ಹಾಕದೆ ಬಿಟ್ಟರೋ ಏನೋ ಎಂದು ಯಜಮಾನ ಕೇಳಿದ. ಪ್ರಸಾರದ ಪ್ರಮಾಣಪತ್ರ ತರಿಸಿದೆವು. ದಿನಾಂಕ, ಗಂಟೆ, ನಿಮಿಷ, ಸೆಕೆಂಡು ಸಮೇತ ಎಲ್ಲವೂ ಇತ್ತು: 90 ಸ್ಪಾಟ್ ಕೊಂಡಿದ್ದೆವು, 90 ಬಂದಿದ್ದವು. ಮೋಸ ಇರಲಿಲ್ಲ. ಆದರೆ ಆ ಕಾಗದವನ್ನೇ ಉತ್ತರಪತ್ರಿಕೆಯಂತೆ ಕೂತು ನೋಡಿದಾಗ ಒಂದು ಸಂಗತಿ ಕಾಣಿಸಿತು. ನಾವು ಕೊಂಡದ್ದು ನಿಗದಿತ ನಿಮಿಷವನ್ನಲ್ಲ, ‘ಈ ಹೊತ್ತಿನಿಂದ ಆ ಹೊತ್ತಿನೊಳಗೆ ಎಲ್ಲಾದರೂ’ ಎಂಬ ಅಗ್ಗದ ದರದ್ದು. ರೇಡಿಯೊದವರು ಇದನ್ನು ಆರ್‌ಒಡಿಪಿ ಎನ್ನುತ್ತಾರೆ. ಬೆಳಿಗ್ಗೆ 8ರಿಂದ 11ರ ಒಳಗೆ ಮೂರು, ಮಧ್ಯಾಹ್ನದಿಂದ ಸಂಜೆಯ ಒಳಗೆ ಮೂರು. ಮೊದಲ ವಾರ ಬೆಳಗಿನ ಮೂರು ಸ್ಪಾಟ್‌ಗಳು ಗಂಟೆಗೊಂದರಂತೆ ಹಂಚಿಹೋಗಿದ್ದವು. ಎಂಟನೆಯ ದಿನದಿಂದ 9ರ ಸಾಲು ಖಾಲಿ. ಅಲ್ಲಿದ್ದ ನಮ್ಮ ಸ್ಪಾಟ್ 10 ಗಂಟೆಯ ನಂತರದ ಜಂಗುಳಿಗೆ ಸೇರಿತ್ತು.

ಹಾಗಾದರೆ ಜಂಗುಳಿ ಎಷ್ಟು ದೊಡ್ಡದು? ಪ್ರಮಾಣಪತ್ರದಲ್ಲಿ ನಮ್ಮ ಸ್ಪಾಟ್ ಮಾತ್ರ ಇರುತ್ತದೆ, ಅಕ್ಕಪಕ್ಕದವು ಇರುವುದಿಲ್ಲ. ಹಾಗಾಗಿ ಒಂದು ಬೆಳಿಗ್ಗೆ ರೇಡಿಯೊ, ಗಡಿಯಾರ, ನೋಟ್‌ಬುಕ್ಕು ಹಿಡಿದು ಜಗಲಿಯಲ್ಲಿ ಕುಳಿತೆ. ಮನೆಯವಳು ‘ಇನ್ನು ಇದೊಂದು ಬಾಕಿ ಇತ್ತು’ ಎಂದಳು.

ಮೊದಲ ವಾರ ಕಿವಿಗೆ ಬಿದ್ದ ನೆನಪಿನ ಪ್ರಕಾರ ಗಂಟೆಗೆ ನಾಲ್ಕು ವಿರಾಮ, ಒಂದೊಂದೂ ಎರಡೂವರೆ ನಿಮಿಷದ ಆಸುಪಾಸು. ಅಂದರೆ ಗಂಟೆಗೆ ಸುಮಾರು 10 ನಿಮಿಷ ಜಾಹೀರಾತು. ಎರಡೂವರೆ ನಿಮಿಷಕ್ಕೆ 20 ಸೆಕೆಂಡಿನ ಸ್ಪಾಟ್ ಏಳೋ ಎಂಟೋ ಹಿಡಿಯುತ್ತವೆ. ಎಷ್ಟೇ ಹಿಂದೆ ಬಿದ್ದರೂ ನಮ್ಮದು ಎಂಟನೆಯದು. ಈಗ 9ರ ಗಂಟೆಯ 10 ನಿಮಿಷಗಳು ಮಾಯವಾಗಲಿಲ್ಲ. ಅರ್ಧ 8ರ ಗಂಟೆಗೆ, ಅರ್ಧ 10ರ ಗಂಟೆಗೆ ಜರುಗಿದವು. ನಾನು ಗುರುತಿಸಿಕೊಂಡಂತೆ 10 ಗಂಟೆ 4 ನಿಮಿಷಕ್ಕೆ ಶುರುವಾದ ಮೊದಲ ವಿರಾಮ ಮುಗಿಯುವಾಗ 10 ಗಂಟೆ 9 ನಿಮಿಷ. ಚಿನ್ನ, ಚಿನ್ನ, ಸ್ಕ್ಯಾನಿಂಗ್ ಕೇಂದ್ರ, ಟೈಲ್ಸ್, ಕಾಲೇಜು, ಮತ್ತೆ ಚಿನ್ನ... ನಮ್ಮ ಸೀರೆ ಹನ್ನೊಂದನೆಯದು.

ಇನ್ನು ಆ ‘ಜಾಹೀರಾತಿಲ್ಲದ ಗಂಟೆ’. ಅದರೊಳಗೆ ಜಾಹೀರಾತು ಇಲ್ಲ ಎಂಬ ಮಾತನ್ನು ಐದು ಬಾರಿ ಹೇಳಿದರು. ಪ್ರತಿ ಬಾರಿಯೂ ಅದನ್ನು ‘ನಿಮಗಾಗಿ ಅರ್ಪಿಸುತ್ತಿರುವ’ ಮಳಿಗೆಯ ಹೆಸರು ಬಂತು. ಜಾಹೀರಾತಿಲ್ಲದ ಮೈದಾನದಲ್ಲಿ ಒಂದೇ ಫಲಕ ನಿಲ್ಲಿಸುವ ಹಕ್ಕನ್ನು ಯಾರೋ ಕೊಂಡಿದ್ದರು. ನಿಲಯದ ದೃಷ್ಟಿಯಿಂದ ಚಾಲಾಕಿನ ಕೆಲಸವೇ. ನನಗೆ ಸಿಟ್ಟು ಬಂದದ್ದು ನಿಜವಾದರೂ ಮೆಚ್ಚದೆ ಇರಲಾಗಲಿಲ್ಲ.

ಇಷ್ಟಕ್ಕೆ ಪ್ರಕರಣ ಮುಗಿಯಿತು, ಉದ್ದದ ವಿರಾಮ ಬಂದಾಗ ಜನ ನಿಲಯ ಬದಲಾಯಿಸಿದರು, ನಮ್ಮ ಸೀರೆ ಕೇಳಿಸಲಿಲ್ಲ ಎಂದುಕೊಂಡೆ. ಯಜಮಾನನಿಗೂ ಹಾಗೆಯೇ ಹೇಳಿದೆ. ಅವನು ಪುಸ್ತಕ ತೆಗೆದು, ‘ಮಾಸ್ಟ್ರೇ, ಬಂದವರು ಯಾರು ನೋಡಿ’ ಎಂದ. ಹೆಸರಿನ ಪಕ್ಕದಲ್ಲಿ ಊರು, ಕೆಲಸ ಬರೆಯುವ ಅಭ್ಯಾಸ ಅವನದು, ಸಾಲ ಕೊಡುವವರ ಬುದ್ಧಿ. ಹದಿನೈದು ಮಂದಿಯಲ್ಲಿ ಕಾರಿನವರು ಒಬ್ಬರೂ ಇರಲಿಲ್ಲ. ರಿಕ್ಷಾ ಓಡಿಸುವವನೊಬ್ಬ. ಉಳಿದವರು ಟೈಲರ್ ಅಂಗಡಿಯವರು, ಬೀಡಿ ಕಟ್ಟುವವರು, ಪೈವಳಿಕೆ ಕಡೆಯ ಅಡಿಕೆ ಸುಲಿಯುವವರು. ಎಲ್ಲ ಕೈಗೆ ಬಿಡುವಿಲ್ಲದವರು. ಹಾಡು ಮುಗಿದ ಕೂಡಲೇ ಬೆರಳು ತುದಿಯಿಂದ ನಿಲಯ ಬದಲಾಯಿಸುವುದು ಸ್ಟಿಯರಿಂಗ್ ಹಿಡಿದವನ ಚಟ. ಅಡಿಕೆ ಸಿಪ್ಪೆಯ ಧೂಳಿನಲ್ಲಿ ಕುಳಿತವರು ಅದಕ್ಕಾಗಿ ಎದ್ದು ಹೋಗುತ್ತಾರೆಯೇ? ನನ್ನ ವಿವರಣೆ ಅಲ್ಲಿಗೆ ಬಿದ್ದುಹೋಯಿತು.

ಪೈವಳಿಕೆಗೆ ಹೋದೆ. ಪರಿಚಯದವರ ಮನೆ, ಗುಡ್ಡದ ಮೇಲೆ. ಮಳೆ ಹಿಡಿದಿತ್ತು, ಚಾವಡಿಯಲ್ಲಿ ಒಣಗಿದ ಅಡಿಕೆಯ ಗೋಣಿಗಳು, ಐದು ಮಂದಿ ಸುಲಿಯುವವರು. ಯಂತ್ರ ಬಂದಮೇಲೂ ಕೈಯಲ್ಲಿ ಸುಲಿದ ಅಡಿಕೆಗೇ ಆ ಮನೆಯವರ ಮನಸ್ಸು. ಮಣೆಗೆ ಕೂರಿಸಿದ ಕತ್ತಿಗೆ ಅಡಿಕೆಯನ್ನು ಒತ್ತಿ, ತಿರುಚಿ, ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಕಿಲೋ ಲೆಕ್ಕದ ಕೂಲಿ, ಆದ್ದರಿಂದ ಕೈ ನಿಲ್ಲಿಸಿದರೆ ಅವರದೇ ನಷ್ಟ. ರೇಡಿಯೊ ಕಿಟಕಿಯ ಸರಳಿಗೆ ತೂಗುಹಾಕಿತ್ತು, ಎರಡು ಮಾರು ದೂರ. ಬೆಳಿಗ್ಗೆ ಆಕಾಶವಾಣಿಯ ವಾರ್ತೆ ಮುಗಿದಮೇಲೆ ಮನೆಯ ಯಜಮಾನರು ಖಾಸಗಿ ನಿಲಯಕ್ಕೆ ತಿರುಗಿಸಿ ತೋಟಕ್ಕೆ ಹೋಗುತ್ತಾರೆ. ಮಧ್ಯಾಹ್ನದ ಊಟದ ತನಕ ಅದನ್ನು ಯಾರೂ ಮುಟ್ಟುವುದಿಲ್ಲ.

ಒಂದೂವರೆ ಗಂಟೆ ಸುಮ್ಮನೆ ಕುಳಿತು ಗಮನಿಸಿದೆ. ಹಾಡು ಬಂದಾಗ ಬಾಯಿ ಮುಚ್ಚಿರುತ್ತದೆ, ಕತ್ತಿಯ ಸದ್ದು ಮಾತ್ರ. ಜಾಹೀರಾತು ಶುರುವಾದಾಗ ಮೊದಲ ಎರಡು ಸ್ಪಾಟ್‌ಗಳನ್ನು ಎಲ್ಲರೂ ಕೇಳುತ್ತಾರೆ, ಏಕೆಂದರೆ ಹಾಡಿನ ಗುಂಗಿನಿಂದ ಇನ್ನೂ ಹೊರಬಂದಿರುವುದಿಲ್ಲ. ಅವರಲ್ಲೊಬ್ಬಾಕೆಗೆ ಜಾಹೀರಾತುಗಳು ಬಾಯಿಪಾಠ; ರೇಡಿಯೊಕ್ಕಿಂತ ಅರ್ಧ ಸೆಕೆಂಡು ಮೊದಲೇ ಹೇಳಿ, ತನ್ನದೂ ಒಂದೆರಡು ಮಾತು ಸೇರಿಸಿ ನಗಿಸುತ್ತಾಳೆ. ಮೂರನೆಯ ಸ್ಪಾಟ್‌ಗೆ ಯಾರೋ ‘ನಿನ್ನೆ ಅವರು ಬಂದಿದ್ದರಂತೆ ಅಲ್ಲವಾ’ ಎನ್ನುತ್ತಾರೆ. ಐದನೆಯದಕ್ಕೆ ಎಲ್ಲರೂ ಆ ಮಾತಿನೊಳಗೆ. ಆರರಿಂದ ಮುಂದಿನದು ಯಾರಿಗೂ ಬೇಡದ ಸದ್ದು. ಮತ್ತೆ ಹಾಡು ಬಂದರೂ ಮಾತು ಕೂಡಲೇ ನಿಲ್ಲುವುದಿಲ್ಲ, ಪಲ್ಲವಿ ಮುಗಿಯಬೇಕು.

ಇಲ್ಲಿ ಯಾರೂ ನಿಲಯ ಬದಲಾಯಿಸಲಿಲ್ಲ. ಬದಲಾಯಿಸಿದ್ದು ಕಿವಿಯನ್ನು. ಎರಡೂವರೆ ನಿಮಿಷದ ವಿರಾಮದಲ್ಲಿ ಮಾತು ಹದಕ್ಕೆ ಬರುವಷ್ಟರಲ್ಲಿ ಹಾಡು ಬಂದುಬಿಡುತ್ತಿತ್ತು. ಐದು ನಿಮಿಷ ಸಿಕ್ಕರೆ ಒಂದು ಮದುವೆ ಸಂಬಂಧವೇ ಕುದುರುತ್ತದೆ. ಕಳೆದುಹೋದ ಏಳು ಮಂದಿಯನ್ನು ಎದುರಾಳಿ ನಿಲಯ ಕೊಂಡೊಯ್ದದ್ದಲ್ಲ, ಪೈವಳಿಕೆಯ ಚಾವಡಿಯ ಮಾತು ಕೊಂಡೊಯ್ದದ್ದು.

ಈ ಗಂಟೆಯ ಉಪಾಯ ಹುಟ್ಟಿದ ಊರು ಬೇರೆ, ಅಲ್ಲಿನ ಲೆಕ್ಕವೂ ಬೇರೆ ಎಂಬುದು ಆಮೇಲೆ ಓದುವಾಗ ತಿಳಿಯಿತು. ಅಮೆರಿಕದಲ್ಲಿ ಕೇಳುಗರನ್ನು ಎಣಿಸುತ್ತಿದ್ದ ಆರ್ಬಿಟ್ರಾನ್ ಸಂಸ್ಥೆ ಗಂಟೆಯನ್ನು ನಾಲ್ಕು ಕಾಲುಗಂಟೆಗಳಾಗಿ ಒಡೆದಿತ್ತು. ಒಂದು ಕಾಲುಗಂಟೆಯೊಳಗೆ 5 ನಿಮಿಷ ಕೇಳಿದರೆ ಆ ಇಡೀ ಕಾಲುಗಂಟೆ ನಿಲಯದ ಖಾತೆಗೆ. 8 ಗಂಟೆ 10ರಿಂದ 8 ಗಂಟೆ 20ರ ತನಕ ಕೇಳಿದವನು ಹತ್ತೇ ನಿಮಿಷ ಕೇಳಿದರೂ ಎರಡು ಕಾಲುಗಂಟೆ ದಾನ ಮಾಡಿದಂತೆ. ಹಾಗಾಗಿ ಕಾಲುಗಂಟೆಯ ಗೆರೆ ದಾಟುವಾಗ ಹಾಡೇ ಇರಬೇಕು, ಜಾಹೀರಾತು ಗೆರೆಗಳ ನಡುವೆ ಅಡಗಬೇಕು. ಎಲ್ಲ ನಿಲಯಗಳೂ ಇದೇ ಲೆಕ್ಕ ಹಾಕಿದಾಗ ಎಲ್ಲರ ಜಾಹೀರಾತೂ ಒಂದೇ ನಿಮಿಷಕ್ಕೆ ಬೀಳುತ್ತದೆ. ಆಂಡ್ರ್ಯೂ ಸ್ವೀಟಿಂಗ್ ಎಂಬ ಅರ್ಥಶಾಸ್ತ್ರಜ್ಞ ಅಲ್ಲಿನ ನಿಲಯಗಳ ಜಾಹೀರಾತಿನ ಹೊತ್ತುಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ನಿಲಯಗಳು ಒಂದೇ ಹೊತ್ತಿಗೆ ವಿರಾಮ ತೆಗೆದುಕೊಳ್ಳುವ ಒಲವು ಸಣ್ಣ ಮಾರುಕಟ್ಟೆಗಳಲ್ಲಿ, ಅದರಲ್ಲೂ ಜನ ಕಾರಿನಲ್ಲಿರುವ ಹೊತ್ತಿನಲ್ಲಿ ಹೆಚ್ಚು ಎಂದು ತೋರಿಸಿದರು. ಎಲ್ಲೆಡೆ ಜಾಹೀರಾತೇ ಇದ್ದರೆ ಗುಂಡಿ ತಿರುಗಿಸಿ ಪ್ರಯೋಜನವೇನು?

ನಮ್ಮಲ್ಲಿ ಇಂಥ ಎಣಿಕೆ 2007ರಲ್ಲಿ ‘ರಾಮ್’ ಎಂಬ ಹೆಸರಿನಲ್ಲಿ ಶುರುವಾಯಿತು, ಕೇಳುಗರ ಡೈರಿ ಬರೆಸುವ ಕ್ರಮ. ಅದು ನಡೆದದ್ದು ಮುಂಬಯಿ, ದೆಹಲಿ, ಬೆಂಗಳೂರು, ಕೋಲ್ಕತ್ತಾದಂಥ ಮಹಾನಗರಗಳಲ್ಲಿ. ಮಂಗಳೂರಿಗೆ ಅದು ಬರಲಿಲ್ಲ, ಪೈವಳಿಕೆಯ ಚಾವಡಿಯ ಮಾತು ಬಿಡಿ. ಅಳತೆಗೋಲು ಇಲ್ಲದ ಊರಿಗೆ ಅಳತೆಗೋಲನ್ನು ಗೆಲ್ಲುವ ಉಪಾಯ ಮಾತ್ರ ಬಂತು. ದೊಡ್ಡ ಪಟ್ಟಣದಲ್ಲಿ ಹಾಕಿದ ಕಾರ್ಯಕ್ರಮದ ನಕ್ಷೆ ಸಣ್ಣ ಊರುಗಳಿಗೂ ಹಾಗೆಯೇ ಇಳಿದು ಬರುತ್ತದೆ ಎಂಬುದು ನನ್ನ ಊಹೆ.

ಜರುಗಿಸುವುದಕ್ಕೂ ಕಡಿಮೆ ಮಾಡುವುದಕ್ಕೂ ವ್ಯತ್ಯಾಸ ಇದೆ. ಅಮೆರಿಕದ ಕ್ಲಿಯರ್ ಚಾನೆಲ್ ಸಂಸ್ಥೆ 2004ರಲ್ಲಿ ಜಾಹೀರಾತಿನ ಒಟ್ಟು ನಿಮಿಷಗಳನ್ನೇ ಇಳಿಸುವುದಾಗಿ ಹೇಳಿ, ಮುಂದಿನ ವರ್ಷದಿಂದ ಜಾರಿಗೆ ತಂದಿತು. ಗಿಡ್ಡ ಸ್ಪಾಟ್‌ಗಳನ್ನು ಕೊಳ್ಳಿ ಎಂದು ಜಾಹೀರಾತುದಾರರನ್ನು ಒತ್ತಾಯಿಸಿತು. ಅದಕ್ಕೆ ಎದೆಗಾರಿಕೆ ಬೇಕು. ನಮ್ಮಲ್ಲಿ ಸಮುದಾಯ ಬಾನುಲಿಗೆ 2006ರ ನೀತಿಯಲ್ಲಿ ಗಂಟೆಗೆ 5 ನಿಮಿಷದ ಮಿತಿ ಇತ್ತು, ಆಮೇಲೆ ಅದು 7ಕ್ಕೇರಿ, 2024ರ ಪರಿಷ್ಕರಣೆಯಲ್ಲಿ 12 ನಿಮಿಷವಾಯಿತು. ಗಂಟೆಯ ಲೆಕ್ಕದ ಮಿತಿ ಇರುವಲ್ಲಿ ಒಂದು ಗಂಟೆಯ ಹೊರೆಯನ್ನು ಇನ್ನೊಂದರ ಹೆಗಲಿಗೆ ಏರಿಸಲು ಜಾಗ ಕಡಿಮೆ.

ಎದುರಾಳಿ ನಿಲಯದ ಕಥೆಯನ್ನು ಇಲ್ಲಿ ಹೇಳಬೇಕು, ಏಕೆಂದರೆ ಅದೇ ತಮಾಷೆಯ ಭಾಗ. ಅವರು ತಮ್ಮ ಗಂಟೆಯನ್ನು ಮೊದಲು ಇಟ್ಟದ್ದು 10ರಿಂದ 11ಕ್ಕೆ. ಮೊದಲ ನಿಲಯ ತನ್ನ ಗಂಟು ಬಿಚ್ಚುವ ಹೊತ್ತಿಗೆ ಸರಿಯಾಗಿ ಇವರಲ್ಲಿ ಹಾಡಿನ ಮೇಲೆ ಹಾಡು. ಲೆಕ್ಕ ಬಲ್ಲವನು ಹಾಕಿದ ಕಾಯಿ. ಆದರೆ ತಮ್ಮ 10ರ ಗಂಟೆಯ ಜಾಹೀರಾತನ್ನು ಎಲ್ಲಿಡಬೇಕು? 9ಕ್ಕೆ ಜರುಗಿಸಿದರು. 9 ಎಂದರೆ ಕೆಲಸಕ್ಕೆ ಹೋಗುವವರು ದಾರಿಯಲ್ಲಿರುವ ಹೊತ್ತು, ಮೊದಲ ನಿಲಯ ಪುಕ್ಕಟೆ ಹಾಡು ಹಂಚುವ ಹೊತ್ತು. ಕಾರಿನಲ್ಲಿ ಹೋಗುವ ಜಾಣ ಕೇಳುಗ 9ಕ್ಕೆ ಅಲ್ಲಿ, 10ಕ್ಕೆ ಇಲ್ಲಿ ಕೇಳಿ ಒಂದು ಜಾಹೀರಾತನ್ನೂ ಕೇಳದೆ ಕಚೇರಿ ಸೇರಬಹುದಿತ್ತು. ಎರಡೂ ನಿಲಯಗಳ ಜಾಹೀರಾತುದಾರರಿಗೆ ಅದರಷ್ಟು ಕೆಟ್ಟ ಏರ್ಪಾಡು ಇನ್ನೊಂದಿಲ್ಲ. ಕೆಲವು ವಾರಗಳಲ್ಲಿ ಎರಡನೆಯವರೂ 9ಕ್ಕೇ ಬಂದು ಸೇರಿದರು. ಈಗ ಇಬ್ಬರೂ ಒಟ್ಟಿಗೆ ಹಾಡುತ್ತಾರೆ, 10 ಗಂಟೆ ದಾಟುತ್ತಲೇ ಇಬ್ಬರೂ ಒಟ್ಟಿಗೆ ಚಿನ್ನ ಮಾರುತ್ತಾರೆ. ಪೈಪೋಟಿ ಇದ್ದಲ್ಲಿಯೇ ಮತ್ತೆ ಇದೆ. ನಡುವೆ ತೆತ್ತದ್ದು ಮಾತ್ರ ಸಣ್ಣ ಸ್ಪಾಟ್‌ನವರು.

ಹಾಡಿನ ಗೌರವಧನದ ಲೆಕ್ಕವೂ ಇದರೊಳಗೆ ಸಣ್ಣದಾಗಿ ಬರುತ್ತದೆ. 2010ರಲ್ಲಿ ಕೃತಿಸ್ವಾಮ್ಯ ಮಂಡಳಿ ಎಫ್‌ಎಂ ನಿಲಯಗಳು ಸಂಗೀತ ಕಂಪನಿಗಳಿಗೆ ನಿವ್ವಳ ಜಾಹೀರಾತು ಆದಾಯದ ಶೇಕಡಾ 2ರಷ್ಟು ಕೊಟ್ಟರೆ ಸಾಕು ಎಂದು ಆದೇಶಿಸಿತ್ತು. ಆದಾಯದ ಪಾಲು ಎಂದಮೇಲೆ ಗಂಟೆಗೆ ಎರಡು ಹಾಡು ಹೆಚ್ಚು ಹಾಕಿದರೂ ಖರ್ಚು ಏರುವುದಿಲ್ಲ. 2020ರ ಕೊನೆಯಲ್ಲಿ ಬಂದ ಇನ್ನೊಂದು ಆದೇಶ ಹಾಡು ನಿಜವಾಗಿ ಓಡಿದ ಹೊತ್ತಿನ ಮೇಲೆ ದರ ಕಟ್ಟುವ ಕ್ರಮಕ್ಕೆ ಮರಳಿತು. ಹಾಗೆ ಅಳೆದರೆ ಜಾಹೀರಾತಿಲ್ಲದ ಗಂಟೆ ಪುಕ್ಕಟೆ ಅಲ್ಲ.

ಮತ್ತೆ ಅಂಗಡಿಗೆ ಬರುತ್ತೇನೆ. ಆಟಿಯ ಬೆನ್ನಿಗೆ ಬರುವ ಸೋಣ ತಿಂಗಳ ಹಬ್ಬದ ವ್ಯಾಪಾರಕ್ಕೆ ಎರಡನೆಯ ಸುತ್ತು ಹಾಕಬೇಕೋ ಬೇಡವೋ ಎಂಬ ಚರ್ಚೆಗೆ ನಿಲಯದ ಮಾರಾಟ ವಿಭಾಗದ ಹುಡುಗ ಬಂದಿದ್ದ. ಯಜಮಾನನಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಅನುಭವ. ಹುಡುಗ ಒಳ್ಳೆಯವನು, ‘ಸರ್, ಇನ್ನೂ ನಾಲ್ಕು ಸ್ಪಾಟ್ ಉಚಿತ ಕೊಡಿಸುತ್ತೇನೆ’ ಎಂದ. ನಾನು ನೋಟ್‌ಬುಕ್ಕು ತೆರೆದೆ.

‘ನಾಲ್ಕು ಹೆಚ್ಚು ಬೇಡ. ಮೂರು ಕಡಿಮೆಯೇ ಇರಲಿ. ವಿರಾಮದ ಮೊದಲನೆಯ ಜಾಗ ಕೊಡಿ, ಹಾಡಿನ ಬೆನ್ನಿಗೆ.’

‘ಸರ್, ಜಾಗ ನಿಗದಿ ಮಾಡಿದರೆ ದರ ಹೆಚ್ಚು.’

‘ಎಷ್ಟು ಹೆಚ್ಚು ಹೇಳಿ. ಬೆಳಿಗ್ಗೆ ಬೇಡ, ಮಧ್ಯಾಹ್ನ 2ರಿಂದ 4ರ ಒಳಗೆ.’

ಆ ಹೊತ್ತಿಗೆ ಯಾರೂ ಕೇಳುವುದಿಲ್ಲ ಎಂದು ಅವನು ಪ್ರಾಮಾಣಿಕವಾಗಿ ಎಚ್ಚರಿಸಿದ. ಅವನ ಪ್ರಕಾರ ಕೇಳುಗ ಎಂದರೆ ಕಾರಿನಲ್ಲಿರುವವನು. ಊಟ ಮುಗಿಸಿ ಮತ್ತೆ ಮಣೆಯ ಮೇಲೆ ಕುಳಿತವರು, ಬೀಡಿಯ ಮೊರ ಮಡಿಲಿಗೆ ಎಳೆದುಕೊಂಡವರು ಅವನ ಪಟ್ಟಿಯಲ್ಲಿಲ್ಲ. ಮಧ್ಯಾಹ್ನದ ದರ ಕಡಿಮೆ, ಮೊದಲ ಜಾಗದ ದರ ಹೆಚ್ಚು. ಎರಡೂ ಸೇರಿ ದಿನದ ಖರ್ಚು ಹಳೆಯ ಆರು ಸ್ಪಾಟ್‌ಗಳ ಖರ್ಚಿನ ಹತ್ತಿರಕ್ಕೇ ಬಂತು. ದಿನಕ್ಕೆ ಮೂರೇ ಸ್ಪಾಟ್. ಯಜಮಾನ ‘ಅರ್ಧ ಸಾಮಾನಿಗೆ ಹೆಚ್ಚು ಕಡಿಮೆ ಅಷ್ಟೇ ಹಣವಾ ಮಾಸ್ಟ್ರೇ’ ಎಂದು ಎರಡು ಸಲ ಕೇಳಿ, ನನ್ನ ಮೇಲಿನ ಗೌರವಕ್ಕೆ ಸಹಿ ಹಾಕಿದ. ಸಾಲುಗಳನ್ನೂ ತಿದ್ದಿದೆ: ಅಂಗಡಿಯ ಹೆಸರು ಕೊನೆಯಲ್ಲಿದ್ದದ್ದನ್ನು ಮೊದಲ ನಾಲ್ಕು ಸೆಕೆಂಡಿಗೆ ತಂದೆ. ಮಾತು ಶುರುವಾಗುವ ಮೊದಲೇ ಹೆಸರು ದಾಟಿರಲಿ ಎಂದು.

ಮೊದಲ ವಾರ 9 ಮಂದಿ, ಎರಡನೆಯ ವಾರ 13. ಇದನ್ನು ಗೆಲುವು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಓಣಂ, ಚೌತಿ ಹತ್ತಿರ ಇದ್ದವು. ಆಟಿಯಲ್ಲಿ ಸೀರೆ ಕೊಳ್ಳದವರು ಸೋಣದಲ್ಲಿ ಹೇಗೂ ಕೊಳ್ಳುತ್ತಾರೆ. ಮೂರು ಸ್ಪಾಟ್‌ನಿಂದ ಬಂದವರೆಷ್ಟು, ಹಬ್ಬದಿಂದ ಬಂದವರೆಷ್ಟು ಎಂದು ಬಿಡಿಸಿ ಹೇಳಲು ಅದೇ ಹಬ್ಬಕ್ಕೆ ಹಳೆಯ ರೀತಿಯಲ್ಲಿ ಆರು ಸ್ಪಾಟ್ ಹಾಕಿದ ಇನ್ನೊಂದು ಅಂಗಡಿಯ ಪುಸ್ತಕ ಬೇಕಿತ್ತು. ಮುಂದಿನ ಆಟಿಯಲ್ಲಿ ಇದೇ ಮೂರನ್ನು ಹಾಕಿ ನೋಡೋಣ ಎಂದಿದ್ದೇನೆ. ಯಜಮಾನ ಹೂಂ ಎಂದಿಲ್ಲ, ಉಹುಂ ಎಂದೂ ಹೇಳಿಲ್ಲ.

ಪುಸ್ತಕದ ಕೊನೆಯ ಸಾಲು ಚೌತಿಯ ಹಿಂದಿನ ದಿನದ್ದು. ಆ ಸಂಜೆ ನಾನೂ ಅಂಗಡಿಯಲ್ಲಿದ್ದೆ. ಪೈವಳಿಕೆಯ ಚಾವಡಿಯಲ್ಲಿ ಜಾಹೀರಾತು ಬಾಯಿಪಾಠ ಒಪ್ಪಿಸುತ್ತಿದ್ದ ಆಕೆ ಮಗಳೊಂದಿಗೆ ಬಂದಿದ್ದಳು. ಹಸಿರು ಅಂಚಿನ ಒಂದು ಸೀರೆ ಆರಿಸಿ, ‘ರೇಡಿಯೊದಲ್ಲಿ ಕೇಳಿದೆ, ಫಾಲ್ ಉಚಿತ ಅಲ್ಲವಾ’ ಎಂದಳು. ಏನು ಕೇಳಿದಿರಿ ಅಕ್ಕ, ಪೂರ್ತಿ ಹೇಳಿ ನೋಡೋಣ ಎಂದೆ. ಆಕೆ ತಡವರಿಸದೆ, ರಾಗ ಸಮೇತ, ಹಿನ್ನೆಲೆಯ ಗಂಟೆಯ ಸದ್ದನ್ನೂ ಸೇರಿಸಿ, ನಾನು ಬರೆದ ಅಷ್ಟೂ ಸಾಲುಗಳನ್ನು ಒಪ್ಪಿಸಿದಳು. ಅಂಗಡಿಯ ಹೆಸರು ಬರಬೇಕಾದ ಜಾಗದಲ್ಲಿ ಕುಂಬಳೆಯ ಇನ್ನೊಂದು ಜವಳಿ ಅಂಗಡಿಯ ಹೆಸರು ಇತ್ತು.

ಯಜಮಾನ ನನ್ನನ್ನು ನೋಡಿದ. ಆಮೇಲೆ ಫಾಲ್ ಹೊಲಿಯಲು ಸೀರೆಯನ್ನು ಒಳಗೆ ಕಳುಹಿಸಿ, ಪುಸ್ತಕದಲ್ಲಿ ಆಕೆಯ ಹೆಸರು, ಊರು, ಕೆಲಸ ಬರೆದು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ.